ಕಣ್ಣಿನ ಜಲರಸದ ಲಿಪಿಡ್ ಸಂಬಂಧಿ ಪ್ರೋಟೀನುಗಳು

ಕಣ್ಣಿನ ಜಲರಸದ ಲಿಪಿಡ್ ಸಂಬಂಧಿ ಪ್ರೋಟೀನುಗಳು ಎಂದರೆ ಕಣ್ಣಿನ ಮುಂಭಾಗವನ್ನು ತುಂಬಿರುವ ತಿಳಿಯಾದ ದ್ರವದಲ್ಲಿ ಕಂಡುಬರುವ, ಕೊಬ್ಬಿನ ಜಾತಿಯ ಪದಾರ್ಥಗಳನ್ನು ಹೊತ್ತೊಯ್ಯುವ, ತಯಾರಿಸುವ ಅಥವಾ ಮಾರ್ಪಡಿಸುವ ಪ್ರೋಟೀನುಗಳು. ಅಪೊಲಿಪೊಪ್ರೋಟೀನ್ ಎ-1, ಅಪೊಲಿಪೊಪ್ರೋಟೀನ್ ಡಿ, ಅಪೊಲಿಪೊಪ್ರೋಟೀನ್ ಇ, ಕ್ಲಸ್ಟರಿನ್, ಪ್ರೊಸ್ಟಗ್ಲಾಂಡಿನ್ ಡಿ ಸಿಂಥೇಸ್ ಮತ್ತು ಆಟೊಟಾಕ್ಸಿನ್ ಇವುಗಳಲ್ಲಿ ಮುಖ್ಯವಾದವು. ಗ್ಲಾಕೋಮಾ ರೋಗಿಗಳ ಜಲರಸದಲ್ಲಿ ಇಂತಹ ಕೆಲವು ಪ್ರೋಟೀನುಗಳ ಪ್ರಮಾಣ ಬೇರೆಯಾಗಿರುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಈ ವ್ಯತ್ಯಾಸವು ರೋಗಕ್ಕೆ ಕಾರಣವೋ ರೋಗದ ಫಲವೋ ಎಂಬುದನ್ನು ಪ್ರತಿಯೊಂದು ಪ್ರೋಟೀನಿನ ವಿಷಯದಲ್ಲಿಯೂ ಪ್ರತ್ಯೇಕವಾಗಿ ನಿರ್ಧರಿಸಬೇಕಾಗುತ್ತದೆ. ಗ್ಲಾಕೋಮಾದಿಂದ ಕಳೆದುಹೋದ ದೃಷ್ಟಿ ಮರಳಿ ಬರುವುದಿಲ್ಲ. ಆದುದರಿಂದ ನರ ನಾಶವಾಗುವ ಮುನ್ನವೇ ರೋಗವನ್ನು ಸೂಚಿಸಬಲ್ಲ ಗುರುತುಗಳ ಹುಡುಕಾಟದಲ್ಲಿ ಈ ಪ್ರೋಟೀನುಗಳಿಗೆ ವಿಶೇಷ ಗಮನ ದೊರೆತಿದೆ.

ಜಲರಸದ ಉತ್ಪತ್ತಿ ಮತ್ತು ಹರಿವು

ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾಕ್ಕಾಗಲಿ, ಅದರ ಹಿಂದಿರುವ ಮಸೂರಕ್ಕಾಗಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಅವು ಬೆಳಕಿನ ದಾರಿಗೆ ಅಡ್ಡಿಯಾಗುತ್ತಿದ್ದವು. ಇವೆರಡಕ್ಕೂ ಪೋಷಕಾಂಶಗಳನ್ನು ತಲುಪಿಸಿ ತ್ಯಾಜ್ಯವನ್ನು ಸಾಗಿಸುವ ಕೆಲಸವನ್ನು ಜಲರಸ ಮಾಡುತ್ತದೆ. ವೈದ್ಯರು ಇದನ್ನು ಆಕ್ವಿಯಸ್ ಹ್ಯೂಮರ್ ಎಂದು ಕರೆಯುತ್ತಾರೆ. ಇದು ಕಣ್ಣೀರಲ್ಲ, ಕಣ್ಣೀರು ಕಣ್ಣಿನ ಹೊರಮೈಯನ್ನು ತೋಯಿಸುತ್ತದೆ, ಜಲರಸವಾದರೋ ಕಣ್ಣಿನ ಒಳಗೇ ಹರಿಯುತ್ತದೆ. ಮಸೂರದ ಹಿಂದೆ ತುಂಬಿರುವ ಲೋಳೆಯಂತಹ ವಿಟ್ರಿಯಸ್ ಕೂಡ ಇದರಿಂದ ಬೇರೆಯಾದುದು.

ಬಣ್ಣದ ವರ್ಣಪಟಲದ ಹಿಂಬದಿಯಲ್ಲಿರುವ ಸಿಲಿಯರಿ ಕಾಯವು ಜಲರಸವನ್ನು ಸ್ರವಿಸುತ್ತದೆ. ಹಗಲಿನಲ್ಲಿ ನಿಮಿಷಕ್ಕೆ ಸುಮಾರು 2ರಿಂದ 3 ಮೈಕ್ರೋಲೀಟರಿನಷ್ಟು ಜಲರಸ ಉತ್ಪತ್ತಿಯಾಗುತ್ತದೆ. ನಿದ್ರೆಯಲ್ಲಿ ಈ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ದ್ರವವು ಪಾಪೆಯ ಮೂಲಕ ಮುಂದಿನ ಕೋಣೆಗೆ ಬಂದು, ಕಾರ್ನಿಯಾ ಮತ್ತು ವರ್ಣಪಟಲ ಸೇರುವ ಕೋನದಲ್ಲಿರುವ ಟ್ರಾಬೆಕ್ಯುಲರ್ ಜಾಲರಿಯ ಮೂಲಕ ಸೋಸಿಕೊಂಡು, ಷ್ಲೆಮ್ ನಾಲೆಯನ್ನು ಸೇರಿ, ಅಲ್ಲಿಂದ ರಕ್ತಕ್ಕೆ ಹೋಗುತ್ತದೆ. ಸ್ವಲ್ಪ ಭಾಗ ಸಿಲಿಯರಿ ಸ್ನಾಯುವಿನ ಎಳೆಗಳ ನಡುವೆ ಇನ್ನೊಂದು ದಾರಿಯಿಂದ ಹೊರಬೀಳುತ್ತದೆ. ಮುಂದಿನ ಕೋಣೆಯಲ್ಲಿ ಒಂದು ಸಮಯಕ್ಕೆ ಇರುವ ಜಲರಸ ಸುಮಾರು 250 ಮೈಕ್ರೋಲೀಟರ್, ಎಂದರೆ ಕೆಲವೇ ಹನಿಗಳು.

ಉತ್ಪತ್ತಿ ಮತ್ತು ಹೊರಹರಿವು ಸಮನಾಗಿದ್ದರೆ ಕಣ್ಣಿನ ಒತ್ತಡ ಒಂದೇ ಮಟ್ಟದಲ್ಲಿರುತ್ತದೆ. ಕೆರೆಗೆ ನೀರು ಬರುತ್ತಲೇ ಇದ್ದು ತೂಬು ಕಟ್ಟಿಕೊಂಡರೆ ನೀರಿನ ಮಟ್ಟ ಏರುವಂತೆ, ಜಾಲರಿಯಲ್ಲಿ ತಡೆ ಹೆಚ್ಚಾದರೆ ಕಣ್ಣಿನ ಒತ್ತಡ ಏರುತ್ತದೆ. ಪಾದರಸದ 10ರಿಂದ 21 ಮಿಲಿಮೀಟರ್ ಮಟ್ಟವನ್ನು ಸಾಮಾನ್ಯವೆಂದು ಪರಿಗಣಿಸಲಾಗುತ್ತದೆ.

ಜಲರಸ ತಿಳಿಯಾಗಿರುವುದಕ್ಕೆ ಅದರಲ್ಲಿ ಪ್ರೋಟೀನು ಬಹಳ ಕಡಿಮೆ ಇರುವುದೇ ಮುಖ್ಯ ಕಾರಣ. ರಕ್ತದ ಪ್ಲಾಸ್ಮಾದ ಪ್ರತಿ ಮಿಲಿಲೀಟರಿನಲ್ಲಿ ಸುಮಾರು 70 ಮಿಲಿಗ್ರಾಂ ಪ್ರೋಟೀನಿದ್ದರೆ, ಅಷ್ಟೇ ಜಲರಸದಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ರಕ್ತದ ಪ್ರೋಟೀನುಗಳು ಸುಲಭವಾಗಿ ಒಳನುಗ್ಗದಂತೆ ತಡೆಯುವ ವ್ಯವಸ್ಥೆಗೆ ರಕ್ತ-ಜಲರಸ ತಡೆ ಎಂದು ಹೆಸರು. ಕಣ್ಣಿಗೆ ಉರಿಯೂತ, ಪೆಟ್ಟು ಅಥವಾ ಶಸ್ತ್ರಕ್ರಿಯೆ ಆದಾಗ ಈ ತಡೆ ಸಡಿಲವಾಗುತ್ತದೆ.

ಗ್ಲಾಕೋಮಾ

ಗ್ಲಾಕೋಮಾ ಎಂಬುದು ಒಂದೇ ರೋಗವಲ್ಲ. ಕಣ್ಣಿನಿಂದ ಮಿದುಳಿಗೆ ಸಂದೇಶ ಒಯ್ಯುವ ದೃಷ್ಟಿನರದ ಎಳೆಗಳು ಕ್ರಮೇಣ ನಾಶವಾಗುವ ರೋಗಗಳ ಗುಂಪಿಗೆ ಈ ಹೆಸರಿದೆ. ದೃಷ್ಟಿನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಅತಿ ಸಾಮಾನ್ಯವಾದ ತೆರೆದ ಕೋನದ ಗ್ಲಾಕೋಮಾದಲ್ಲಿ ನೋವಿರುವುದಿಲ್ಲ. ಮೊದಲು ಬದಿಯ ದೃಷ್ಟಿ ಕುಗ್ಗುತ್ತದೆ. ನೇರ ದೃಷ್ಟಿ ಕೊನೆಯವರೆಗೂ ಉಳಿಯಬಹುದಾದುದರಿಂದ ರೋಗಿಗೆ ಬಹುಕಾಲ ಏನೂ ತಿಳಿಯುವುದಿಲ್ಲ. ಮುಚ್ಚಿದ ಕೋನದ ಗ್ಲಾಕೋಮಾದಲ್ಲಿ ಕೆಲವೊಮ್ಮೆ ಕಣ್ಣು ಒಮ್ಮೆಲೇ ಕೆಂಪೇರಿ, ತೀವ್ರ ನೋವು ಮತ್ತು ವಾಂತಿ ಉಂಟಾಗಿ, ದೀಪದ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ.

ಗ್ರಾಮಾಂತರ ಪ್ರದೇಶಗಳಲ್ಲಿ ದೃಷ್ಟಿ ಮಂದವಾದುದನ್ನೆಲ್ಲ ಪೊರೆ ಎಂದು ಭಾವಿಸಿ ಕಾಯುವ ರೂಢಿಯಿದೆ. ಪೊರೆಯಿಂದ ಮಂದವಾದ ದೃಷ್ಟಿ ಶಸ್ತ್ರಕ್ರಿಯೆಯಿಂದ ಮರಳುತ್ತದೆ. ಗ್ಲಾಕೋಮಾದಲ್ಲಿ ಕಾಯುವುದು ಎಂದರೆ ಉಳಿದ ದೃಷ್ಟಿಯನ್ನೂ ಕಳೆದುಕೊಳ್ಳುವುದು. 2010ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಭಾರತದಲ್ಲಿ 40 ವರ್ಷ ದಾಟಿದ ಸುಮಾರು 1.12 ಕೋಟಿ ಜನರಿಗೆ ಗ್ಲಾಕೋಮಾ ಇತ್ತು. ಜಗತ್ತಿನಲ್ಲಿ 2013ರಲ್ಲಿ 6.43 ಕೋಟಿಯಷ್ಟಿದ್ದ ರೋಗಿಗಳ ಸಂಖ್ಯೆ 2040ರ ಹೊತ್ತಿಗೆ 11.18 ಕೋಟಿಗೆ ಏರಬಹುದೆಂದು 2014ರ ಅಧ್ಯಯನವೊಂದು ಲೆಕ್ಕ ಹಾಕಿದೆ.

ಒತ್ತಡ ಹೆಚ್ಚಿದ್ದರೂ ನರ ಕೆಡದ ವ್ಯಕ್ತಿಗಳಿದ್ದಾರೆ. ಒತ್ತಡ ಸಾಮಾನ್ಯ ಮಟ್ಟದಲ್ಲಿದ್ದೂ ನರ ಕೆಡುವವರೂ ಇದ್ದಾರೆ. ಒತ್ತಡವೊಂದೇ ಎಲ್ಲವನ್ನೂ ವಿವರಿಸದ ಕಾರಣ ಸಂಶೋಧಕರು ಜಲರಸದ ರಾಸಾಯನಿಕ ಸ್ವರೂಪದ ಕಡೆಗೆ ಗಮನ ಹರಿಸಿದರು.

ಲಿಪಿಡ್‌ಗಳಿಗೆ ಪ್ರೋಟೀನುಗಳ ಅಗತ್ಯ

ಕೊಲೆಸ್ಟರಾಲ್, ಫಾಸ್ಫೊಲಿಪಿಡ್, ಕೊಬ್ಬಿನಾಮ್ಲ, ಸ್ಟೀರಾಯ್ಡ್, ಪ್ರೊಸ್ಟಗ್ಲಾಂಡಿನ್ ಮೊದಲಾದ ಪದಾರ್ಥಗಳನ್ನು ಒಟ್ಟಾಗಿ ಲಿಪಿಡ್‌ಗಳು ಎನ್ನುತ್ತಾರೆ. ಪ್ರತಿಯೊಂದು ಜೀವಕೋಶದ ಹೊರಪೊರೆ ರಚಿತವಾಗಿರುವುದು ಮುಖ್ಯವಾಗಿ ಇವುಗಳಿಂದಲೇ. ಎಣ್ಣೆ ನೀರಿನಲ್ಲಿ ಬೆರೆಯದಂತೆ ಬಹುತೇಕ ಲಿಪಿಡ್‌ಗಳೂ ನೀರಿನಂತಹ ಜಲರಸದಲ್ಲಿ ಕರಗುವುದಿಲ್ಲ. ಅವು ಒಂದು ಕೋಶದಿಂದ ಇನ್ನೊಂದಕ್ಕೆ ಸಾಗಬೇಕಾದರೆ ಹೊತ್ತೊಯ್ಯುವ ಪ್ರೋಟೀನು ಬೇಕು. ರಕ್ತದಲ್ಲಿ ಈ ಕೆಲಸ ಮಾಡುವ ಅಪೊಲಿಪೊಪ್ರೋಟೀನುಗಳೇ ಜಲರಸದಲ್ಲಿಯೂ ಇವೆ. ಜಲರಸದಲ್ಲಿ ಅತಿ ಹೆಚ್ಚಾಗಿರುವ ಆಲ್ಬುಮಿನ್ ಕೂಡ ಕೊಬ್ಬಿನಾಮ್ಲಗಳನ್ನು ಹೊರಬಲ್ಲುದು.

ಮುಖ್ಯ ಪ್ರೋಟೀನುಗಳು

ಅಪೊಲಿಪೊಪ್ರೋಟೀನ್ ಎ-1: ರಕ್ತದಲ್ಲಿ ಎಚ್‌ಡಿಎಲ್ ಕಣಗಳ ಮುಖ್ಯ ಅಂಗ. ಕೋಶಗಳಲ್ಲಿ ಹೆಚ್ಚಾದ ಕೊಲೆಸ್ಟರಾಲನ್ನು ಹೊರಗೆ ಒಯ್ಯುತ್ತದೆ. 2013ರಲ್ಲಿ ಜಪಾನಿನ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ತೆರೆದ ಕೋನದ ಗ್ಲಾಕೋಮಾ ರೋಗಿಗಳ ಜಲರಸವನ್ನು ಪೊರೆಯ ರೋಗಿಗಳ ಜಲರಸದೊಡನೆ ಹೋಲಿಸಿದಾಗ, ಅಪೊಲಿಪೊಪ್ರೋಟೀನ್ ಎ-1, ಸಿ-3 ಮತ್ತು ಇ ಗ್ಲಾಕೋಮಾದಲ್ಲಿ ಹೆಚ್ಚಾಗಿರುವುದು ಕಂಡುಬಂದಿತು.

ಅಪೊಲಿಪೊಪ್ರೋಟೀನ್ ಇ: ಮಿದುಳು ಮತ್ತು ಅಕ್ಷಿಪಟಲಗಳಲ್ಲಿ ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳು ಇದನ್ನು ತಯಾರಿಸಿ, ಕೊಲೆಸ್ಟರಾಲಿನೊಡನೆ ನರಕೋಶಗಳಿಗೆ ಒದಗಿಸುತ್ತವೆ. ಇದರ ವಂಶವಾಹಿಗೆ ಇ-2, ಇ-3, ಇ-4 ಎಂಬ ಮೂರು ಮುಖ್ಯ ರೂಪಗಳಿವೆ. ಇ-4 ರೂಪ ಇರುವವರಿಗೆ ಮರೆವಿನ ರೋಗವಾದ ಆಲ್ಝೈಮರ್ ಬರುವ ಸಾಧ್ಯತೆ ಹೆಚ್ಚು. ಆದರೆ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ರೂಪ ಉಳ್ಳವರಲ್ಲಿ ಗ್ಲಾಕೋಮಾದ ಸಾಧ್ಯತೆ ಕಡಿಮೆ ಎಂದು ತಿಳಿದುಬಂದಿತು. 2022ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ಇದಕ್ಕೊಂದು ವಿವರಣೆ ನೀಡಿದವು: ಇ-4 ರೂಪವಿದ್ದಾಗ ಮೈಕ್ರೋಗ್ಲಿಯಾ ಎಂಬ ರಕ್ಷಕ ಕೋಶಗಳು ರೋಗಕ್ಕೆ ತೀವ್ರವಾಗಿ ಪ್ರತಿಕ್ರಿಯಿಸುವುದಿಲ್ಲ, ಆ ಮೂಲಕ ಅಕ್ಷಿಪಟಲದ ನರಕೋಶಗಳು ಉಳಿಯುತ್ತವೆ. ಒಂದು ಅಂಗಕ್ಕೆ ಕೇಡು ಮಾಡುವ ರೂಪ ಇನ್ನೊಂದಕ್ಕೆ ರಕ್ಷಣೆಯಾಗಬಹುದೆಂಬುದಕ್ಕೆ ಇದು ನಿದರ್ಶನ.

ಅಪೊಲಿಪೊಪ್ರೋಟೀನ್ ಡಿ: ಹೆಸರಿನಲ್ಲಿ ಮೇಲಿನವುಗಳ ಸಾಲಿಗೆ ಸೇರಿದ್ದರೂ ರಚನೆಯಲ್ಲಿ ಇದು ಲಿಪೊಕ್ಯಾಲಿನ್ ಎಂಬ ಕುಟುಂಬದ್ದು. ಬಟ್ಟಲಿನ ಆಕಾರದ ಒಳಗುಳಿಯಲ್ಲಿ ಅರಾಕಿಡೋನಿಕ್ ಆಮ್ಲ, ಪ್ರೊಜೆಸ್ಟರಾನ್ ಮೊದಲಾದ ಸಣ್ಣ ಅಣುಗಳನ್ನು ಹಿಡಿದುಕೊಳ್ಳುತ್ತದೆ. ನರಗಳಿಗೆ ಪೆಟ್ಟಾದಾಗ ಇದರ ಉತ್ಪಾದನೆ ಹೆಚ್ಚುತ್ತದೆ.

ಪ್ರೊಸ್ಟಗ್ಲಾಂಡಿನ್ ಡಿ ಸಿಂಥೇಸ್: ಇದೂ ಲಿಪೊಕ್ಯಾಲಿನ್ ಕುಟುಂಬಕ್ಕೆ ಸೇರಿದೆ. ಮಿದುಳು ಮತ್ತು ಬೆನ್ನುಹುರಿಯನ್ನು ಆವರಿಸಿರುವ ದ್ರವದಲ್ಲಿರುವಂತೆ ಜಲರಸದಲ್ಲಿಯೂ ಹೇರಳವಾಗಿದೆ. ಪ್ರೊಸ್ಟಗ್ಲಾಂಡಿನ್ ಡಿ-2 ಎಂಬ ಲಿಪಿಡನ್ನು ತಯಾರಿಸುವ ಕಿಣ್ವವಾಗಿಯೂ ಲಿಪಿಡ್‌ಗಳನ್ನು ಹೊರುವ ವಾಹಕವಾಗಿಯೂ ಎರಡು ಕೆಲಸಗಳನ್ನು ನಿರ್ವಹಿಸುತ್ತದೆ.

ಕ್ಲಸ್ಟರಿನ್: ಅಪೊಲಿಪೊಪ್ರೋಟೀನ್ ಜೆ ಎಂಬುದು ಇದರ ಇನ್ನೊಂದು ಹೆಸರು. ಲಿಪಿಡ್‌ಗಳನ್ನು ಹೊರುವುದರ ಜೊತೆಗೆ, ರೂಪಗೆಟ್ಟ ಪ್ರೋಟೀನುಗಳು ಗಂಟುಕಟ್ಟದಂತೆ ತಡೆಯುತ್ತದೆ. ಸ್ಯೂಡೊಎಕ್ಸ್‌ಫೋಲಿಯೇಶನ್ ಎಂಬ ಸ್ಥಿತಿಯಲ್ಲಿ ಮಸೂರದ ಮೇಲೆ ಬೂದಿಯಂತಹ ಬಿಳಿಯ ಪದರ ಕೂಡುತ್ತದೆ. ಅದು ಉದುರಿ ಜಾಲರಿಯಲ್ಲಿ ಸಿಕ್ಕಿಕೊಂಡು ಒತ್ತಡವನ್ನು ಏರಿಸುತ್ತದೆ. ಫಿನ್ಲೆಂಡಿನ ಜಾನ್ ಲಿಂಡ್‌ಬರ್ಗ್ 1917ರಲ್ಲಿ ಇದನ್ನು ವರ್ಣಿಸಿದರು. ಆ ಪದರವನ್ನು ವಿಶ್ಲೇಷಿಸಿದಾಗ ಅದರಲ್ಲಿ ಕ್ಲಸ್ಟರಿನ್ ಮತ್ತು ಅಪೊಲಿಪೊಪ್ರೋಟೀನ್ ಇ ಎರಡೂ ದೊರೆತಿವೆ.

ಆಟೊಟಾಕ್ಸಿನ್: ಜಲರಸದ ಪ್ರೋಟೀನುಗಳ ಪೈಕಿ ಕಣ್ಣಿನ ಒತ್ತಡದೊಡನೆ ಇದರ ಸಂಬಂಧ ಹೆಚ್ಚು ಸ್ಪಷ್ಟವಾಗಿ ತಿಳಿದಿದೆ. ಈ ಕಿಣ್ವವು ಲೈಸೊಫಾಸ್ಫಟೈಡಿಕ್ ಆಮ್ಲ ಎಂಬ ಲಿಪಿಡನ್ನು ಉತ್ಪಾದಿಸುತ್ತದೆ. ಆ ಆಮ್ಲವು ಜಾಲರಿಯ ಕೋಶಗಳೊಳಗೆ ರೋ ಕೈನೇಸ್ ಎಂಬ ಮತ್ತೊಂದು ಕಿಣ್ವವನ್ನು ಪ್ರಚೋದಿಸುತ್ತದೆ. ಕೋಶಗಳು ಬಿಗಿಯಾಗಿ ದ್ರವದ ದಾರಿ ಇಕ್ಕಟ್ಟಾಗುತ್ತದೆ. 2012ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವು ಆಟೊಟಾಕ್ಸಿನನ್ನು ತಡೆಗಟ್ಟಿ ಪ್ರಾಣಿಗಳಲ್ಲಿ ಕಣ್ಣಿನ ಒತ್ತಡವನ್ನು ತಗ್ಗಿಸಬಹುದೆಂದು ತೋರಿಸಿತು. 2018ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧಕರು ಸ್ಯೂಡೊಎಕ್ಸ್‌ಫೋಲಿಯೇಶನ್ ಗ್ಲಾಕೋಮಾ ಮತ್ತು ಬೇರೆ ರೋಗದ ಪರಿಣಾಮವಾಗಿ ಬಂದ ಗ್ಲಾಕೋಮಾಗಳಲ್ಲಿ ಆಟೊಟಾಕ್ಸಿನ್ ಹೆಚ್ಚಿರುವುದನ್ನು ವರದಿ ಮಾಡಿದರು.

ಕರ್ನಾಟಕದಲ್ಲಿ ನಡೆದ ಅಧ್ಯಯನ

ಜಲರಸದ ಪ್ರೋಟೀನುಗಳ ಒಂದು ದೊಡ್ಡ ಪಟ್ಟಿ ಬೆಂಗಳೂರಿನಲ್ಲಿ ಸಿದ್ಧವಾಯಿತು. 2002ರಲ್ಲಿ ಅಖಿಲೇಶ್ ಪಾಂಡೆಯವರು ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿದೆ. ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಂತಾರಾಷ್ಟ್ರೀಯ ತಂಡದಲ್ಲಿ ಈ ಸಂಸ್ಥೆಯ ಪಾತ್ರ ದೊಡ್ಡದು. 17,294 ವಂಶವಾಹಿಗಳಿಂದ ತಯಾರಾಗುವ ಪ್ರೋಟೀನುಗಳನ್ನು ಆ ನಕ್ಷೆ ಗುರುತಿಸಿತು.

2015ರಲ್ಲಿ ಇದೇ ಸಂಸ್ಥೆಯ ಸಂಶೋಧಕರು, ಕೃಷ್ಣ ಆರ್. ಮೂರ್ತಿಯವರು ಮೊದಲ ಲೇಖಕರಾಗಿರುವ ಪ್ರಬಂಧದಲ್ಲಿ, ಮನುಷ್ಯರ ಜಲರಸದ ಪ್ರೋಟೀನುಗಳ ವಿವರವನ್ನು ಪ್ರಕಟಿಸಿದರು. ಪೊರೆಯ ಶಸ್ತ್ರಕ್ರಿಯೆಗೆ ಒಳಗಾದ 250 ಮಂದಿಯಿಂದ ಸಂಗ್ರಹಿಸಿದ ಜಲರಸವನ್ನು ಇದಕ್ಕಾಗಿ ಬಳಸಲಾಯಿತು. ಒಟ್ಟು 763 ಪ್ರೋಟೀನುಗಳು ಪತ್ತೆಯಾದವು. ಅವುಗಳಲ್ಲಿ 386 ಜಲರಸದಲ್ಲಿ ಮೊದಲ ಬಾರಿಗೆ ಕಂಡಂತಹವು.

ಇಷ್ಟು ಮಂದಿಯ ಜಲರಸ ಬೇಕಾದುದಕ್ಕೆ ಕಾರಣವಿದೆ. ಆರೋಗ್ಯವಂತರ ಕಣ್ಣಿನಿಂದ ಜಲರಸವನ್ನು ಸುಮ್ಮನೆ ತೆಗೆಯುವಂತಿಲ್ಲ. ಹೇಗೂ ಶಸ್ತ್ರಕ್ರಿಯೆ ನಡೆಯಬೇಕಾದ ಕಣ್ಣಿನಲ್ಲಿ, ಅದರ ಆರಂಭದಲ್ಲಿ, ರೋಗಿಯ ಒಪ್ಪಿಗೆಯಿಂದ ಸೂಕ್ಷ್ಮ ಸೂಜಿಯ ಮೂಲಕ ಎರಡು ಮೂರು ಹನಿಗಳನ್ನಷ್ಟೇ ಪಡೆಯಲಾಗುತ್ತದೆ. ಪ್ರಯೋಗಾಲಯದಲ್ಲಿ ಪ್ರೋಟೀನುಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಲ್ಲಿ ತುಣುಕುಗಳ ರಾಶಿಯನ್ನು ಅಳೆಯುತ್ತಾರೆ. ಆ ಅಳತೆಗಳನ್ನು ಗಣಕದಲ್ಲಿರುವ ಪ್ರೋಟೀನು ಸಂಗ್ರಹಗಳೊಡನೆ ತಾಳೆ ನೋಡಿ ಮೂಲ ಪ್ರೋಟೀನು ಯಾವುದೆಂದು ನಿರ್ಧರಿಸುತ್ತಾರೆ.

ಬೆಂಗಳೂರಿನ ಪಟ್ಟಿ ಗ್ಲಾಕೋಮಾ ರೋಗಿಗಳದ್ದಲ್ಲ. ಜಲರಸದಲ್ಲಿ ಏನೇನಿರುತ್ತದೆ ಎಂಬ ಆಧಾರ ಪಟ್ಟಿಯಾಗಿ ಅದರ ಬೆಲೆಯಿದೆ. ರೋಗದಲ್ಲಿ ಏನು ಬದಲಾಗಿದೆ ಎಂದು ಹೇಳಬೇಕಾದರೆ ಮೊದಲು ಏನಿತ್ತು ಎಂಬುದು ತಿಳಿದಿರಬೇಕಷ್ಟೆ.

ವಂಶವಾಹಿಗಳ ಸಾಕ್ಷ್ಯ

ಜಲರಸದ ಅಳತೆಗಳಿಗಿಂತ ಬೇರೆಯಾದ ದಿಕ್ಕಿನಿಂದಲೂ ಲಿಪಿಡ್‌ಗಳತ್ತ ಬೆರಳು ತೋರುವ ಆಧಾರಗಳಿವೆ. 2010ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ತೆರೆದ ಕೋನದ ಗ್ಲಾಕೋಮಾಕ್ಕೂ ಕ್ಯಾವಿಯೋಲಿನ್ ವಂಶವಾಹಿಗಳ ಪ್ರದೇಶಕ್ಕೂ ಸಂಬಂಧವನ್ನು ಗುರುತಿಸಿದರು. ಕ್ಯಾವಿಯೋಲಿನ್ ಪ್ರೋಟೀನುಗಳು ಕೋಶದ ಹೊರಪೊರೆಯಲ್ಲಿ ಕೊಲೆಸ್ಟರಾಲ್ ದಟ್ಟವಾಗಿರುವ ಸಣ್ಣ ಗುಳಿಗಳನ್ನು ರೂಪಿಸುತ್ತವೆ. 2014ರಲ್ಲಿ ಎಬಿಸಿಎ1 ಎಂಬ ವಂಶವಾಹಿಯ ಸಂಬಂಧವೂ ಪ್ರಕಟವಾಯಿತು. ಕೋಶದೊಳಗಿನ ಕೊಲೆಸ್ಟರಾಲನ್ನು ಹೊರಗೆ ದಾಟಿಸಿ ಅಪೊಲಿಪೊಪ್ರೋಟೀನ್ ಎ-1ಕ್ಕೆ ಒಪ್ಪಿಸುವ ಪ್ರೋಟೀನನ್ನು ಈ ವಂಶವಾಹಿ ತಯಾರಿಸುತ್ತದೆ. ವಂಶವಾಹಿಯ ರೂಪವು ಹುಟ್ಟಿನಿಂದಲೇ ಇರುವುದರಿಂದ ಅದು ರೋಗದ ಫಲವಾಗಿರಲಾರದು. ಆದುದರಿಂದ ಕಾರಣದ ವಿಚಾರದಲ್ಲಿ ಇಂತಹ ಸಾಕ್ಷ್ಯಕ್ಕೆ ಹೆಚ್ಚಿನ ತೂಕವಿದೆ.

ಶಿಶುಗಳಲ್ಲಿ ಕಾಣಿಸಿಕೊಳ್ಳುವ ಗ್ಲಾಕೋಮಾಕ್ಕೆ ಮುಖ್ಯ ಕಾರಣವಾದ ಸಿವೈಪಿ1ಬಿ1 ಎಂಬ ವಂಶವಾಹಿ 1997ರಲ್ಲಿ ಗುರುತಾಯಿತು. ಅದರಿಂದ ತಯಾರಾಗುವ ಕಿಣ್ವವು ಸ್ಟೀರಾಯ್ಡ್, ಎ ಜೀವಸತ್ವ ಮೊದಲಾದ ಲಿಪಿಡ್‌ಗಳನ್ನು ಮಾರ್ಪಡಿಸುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಪ್ರತಿ ಬಂದಾಗ ಮಗುವಿಗೆ ರೋಗ ಬರುತ್ತದೆ. ದಕ್ಷಿಣ ಕರ್ನಾಟಕದಲ್ಲಿ ರೂಢಿಯಲ್ಲಿರುವ ಸೋದರ ಸಂಬಂಧದ ಮದುವೆಗಳಲ್ಲಿ ಈ ಸಾಧ್ಯತೆ ಹೆಚ್ಚು. ಮಗುವಿನ ಕಣ್ಣು ಅಸಹಜವಾಗಿ ದೊಡ್ಡದಾಗಿ ಕಾಣುವುದು, ಕಣ್ಣಿನಲ್ಲಿ ನೀರು ಸುರಿಯುವುದು, ಬೆಳಕಿಗೆ ಮುಖ ತಿರುಗಿಸುವುದು, ಕಪ್ಪುಗುಡ್ಡೆ ಮಬ್ಬಾಗುವುದು ಇದರ ಲಕ್ಷಣಗಳು.

ಲಿಪಿಡ್ ಜಾತಿಯ ಔಷಧಗಳು

ಗ್ಲಾಕೋಮಾಕ್ಕೆ ಇಂದು ಹೆಚ್ಚಾಗಿ ಬಳಸುವ ಹನಿ ಔಷಧವೇ ಒಂದು ಲಿಪಿಡ್. ಅಮೆರಿಕದಲ್ಲಿ 1996ರಲ್ಲಿ ಅನುಮತಿ ಪಡೆದ ಲಟಾನೊಪ್ರೊಸ್ಟ್, ಪ್ರೊಸ್ಟಗ್ಲಾಂಡಿನ್ ಎಫ್-2 ಆಲ್ಫಾ ಎಂಬ ನೈಸರ್ಗಿಕ ಲಿಪಿಡಿನ ಮಾದರಿಯಲ್ಲಿ ರಚಿತವಾದುದು. ದಿನಕ್ಕೊಮ್ಮೆ ಹಾಕುವ ಈ ಹನಿ, ಸಿಲಿಯರಿ ಸ್ನಾಯುವಿನ ನಡುವಣ ದಾರಿಯಲ್ಲಿ ಹೊರಹರಿವನ್ನು ಹೆಚ್ಚಿಸಿ ಒತ್ತಡವನ್ನು ಇಳಿಸುತ್ತದೆ. ಆಟೊಟಾಕ್ಸಿನಿನ ಲಿಪಿಡ್ ಪ್ರಚೋದಿಸುವ ರೋ ಕೈನೇಸನ್ನು ತಡೆಯುವ ಔಷಧಗಳೂ ಬಂದಿವೆ. ರಿಪಾಸುಡಿಲ್‌ಗೆ 2014ರಲ್ಲಿ ಜಪಾನ್, ನೆಟಾರ್ಸುಡಿಲ್‌ಗೆ 2017ರಲ್ಲಿ ಅಮೆರಿಕ ಅನುಮತಿ ನೀಡಿದವು.

ಲಿಪಿಡ್ ಜಾತಿಗೇ ಸೇರಿದ ಸ್ಟೀರಾಯ್ಡ್‌ಗಳು ಇದಕ್ಕೆ ವಿರುದ್ಧವಾದ ಪರಿಣಾಮವನ್ನು ಉಂಟುಮಾಡಬಲ್ಲವು. ಡೆಕ್ಸಾಮೆಥಾಸೋನಿನಂತಹ ಸ್ಟೀರಾಯ್ಡ್ ಹನಿಗಳನ್ನು ವಾರಗಟ್ಟಲೆ ಹಾಕಿದರೆ, ಸುಮಾರು ಮೂರರಲ್ಲಿ ಒಬ್ಬರಲ್ಲಿ ಕಣ್ಣಿನ ಒತ್ತಡ ಏರುತ್ತದೆ; ಜಾಲರಿಯ ಕೋಶಗಳ ನಡತೆ ಬದಲಾಗಿ ಅಲ್ಲಿ ಅನಗತ್ಯ ಪದಾರ್ಥ ಸೇರಿಕೊಳ್ಳುತ್ತದೆ. ಕಣ್ಣಿನ ತುರಿಕೆಗೆ, ಕೆಂಪಿಗೆ ಇಂತಹ ಹನಿಗಳನ್ನು ವೈದ್ಯರ ಚೀಟಿಯಿಲ್ಲದೆ ಔಷಧದ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಬಳಸುವುದರಿಂದ ಮಕ್ಕಳೂ ದೃಷ್ಟಿ ಕಳೆದುಕೊಳ್ಳುವುದುಂಟು. ತುರಿಕೆ ಕೂಡಲೇ ಶಮನವಾಗುವುದರಿಂದ ಔಷಧ ಒಗ್ಗಿತೆಂದೇ ಮನೆಯವರು ತಿಳಿಯುತ್ತಾರೆ. ಒತ್ತಡ ಏರುತ್ತಿರುವುದು ಹೊರಗೆ ಕಾಣುವುದಿಲ್ಲ.

ಅಧ್ಯಯನಗಳ ಮಿತಿ

ಜಲರಸದ ಪ್ರೋಟೀನುಗಳ ಫಲಿತಾಂಶಗಳನ್ನು ಓದುವಾಗ ಕೆಲವು ಅಂಶಗಳನ್ನು ನೆನಪಿನಲ್ಲಿಡಬೇಕಾಗುತ್ತದೆ.

ಹೋಲಿಕೆಗೆ ಬಳಸುವ ಜಲರಸ ಸಾಮಾನ್ಯವಾಗಿ ಪೊರೆಯ ರೋಗಿಗಳದ್ದು. ಪೂರ್ಣ ಆರೋಗ್ಯವಂತ ಕಣ್ಣಿನದಲ್ಲ. ಗ್ಲಾಕೋಮಾ ರೋಗಿಗಳು ಶಸ್ತ್ರಕ್ರಿಯೆಗೆ ಬರುವ ಹೊತ್ತಿಗೆ ವರ್ಷಗಟ್ಟಲೆ ಹನಿಗಳನ್ನು ಹಾಕಿಕೊಂಡಿರುತ್ತಾರೆ. ಕಂಡ ವ್ಯತ್ಯಾಸ ರೋಗದ್ದೋ ಔಷಧದ್ದೋ ಎಂದು ಬಿಡಿಸಿ ಹೇಳುವುದು ಕಷ್ಟ. ಅಪೊಲಿಪೊಪ್ರೋಟೀನುಗಳು ರಕ್ತದಲ್ಲಿ ಹೇರಳವಾಗಿರುವುದರಿಂದ, ರಕ್ತ-ಜಲರಸ ತಡೆ ಸ್ವಲ್ಪ ಸಡಿಲವಾದರೂ ಜಲರಸದಲ್ಲಿ ಅವುಗಳ ಪ್ರಮಾಣ ಏರುತ್ತದೆ. ಹೀಗೆ ಸೋರಿ ಬಂದುದನ್ನು ಕಣ್ಣೇ ತಯಾರಿಸಿತೆಂದು ಭಾವಿಸುವ ಅಪಾಯವಿದೆ. ಜಲರಸವಿರುವುದು ಕಣ್ಣಿನ ಮುಂಭಾಗದಲ್ಲಿ, ನರ ಕೆಡುವುದು ಹಿಂಭಾಗದಲ್ಲಿ. ಮುಂದಿನ ದ್ರವ ಜಾಲರಿಯ ಸ್ಥಿತಿಯನ್ನು ತಿಳಿಸುವಷ್ಟು ನೇರವಾಗಿ ನರದ ಸ್ಥಿತಿಯನ್ನು ತಿಳಿಸಲಾರದು.

ಜಲರಸದ ಅಪೊಲಿಪೊಪ್ರೋಟೀನಿಗೂ ಊಟದ ಎಣ್ಣೆ ತುಪ್ಪಕ್ಕೂ ನೇರ ಸಂಬಂಧವನ್ನು ಕಲ್ಪಿಸುವುದಕ್ಕೆ ಆಧಾರವಿಲ್ಲ. ರಕ್ತದ ಕೊಲೆಸ್ಟರಾಲನ್ನು ಇಳಿಸುವ ಸ್ಟಾಟಿನ್ ಮಾತ್ರೆಗಳಿಂದ ಗ್ಲಾಕೋಮಾ ತಗ್ಗುವುದೇ ಎಂಬ ಬಗ್ಗೆ ನಡೆದ ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ಹೊಂದಿಕೆಯಾಗಿಲ್ಲ. ಗ್ಲಾಕೋಮಾದ ಚಿಕಿತ್ಸೆಗೆಂದು ಈ ಮಾತ್ರೆಗಳನ್ನು ನೀಡುವ ಪದ್ಧತಿ ಇಲ್ಲ.

ರೋಗಪತ್ತೆಯಲ್ಲಿ ಸ್ಥಾನ

ಜಲರಸದ ಪ್ರೋಟೀನುಗಳನ್ನು ಅಳೆದು ಗ್ಲಾಕೋಮಾವನ್ನು ಪತ್ತೆಹಚ್ಚುವುದು ಆಸ್ಪತ್ರೆಗಳ ನಿತ್ಯದ ಪದ್ಧತಿಯಲ್ಲ. ಅದು ಸಂಶೋಧನೆಯ ಹಂತದಲ್ಲಿದೆ. ಕಣ್ಣಿಗೆ ಸೂಜಿ ಚುಚ್ಚಿ ದ್ರವ ತೆಗೆಯುವುದು ರೋಗವಿಲ್ಲದವರ ತಪಾಸಣೆಗೆ ತಕ್ಕ ಮಾರ್ಗವೂ ಅಲ್ಲ. ರೋಗದ ಬಗೆಯನ್ನು ತಿಳಿಯುವುದರಲ್ಲಿ, ಯಾರಿಗೆ ಯಾವ ಔಷಧ ಹೊಂದುವುದೆಂದು ಊಹಿಸುವುದರಲ್ಲಿ ಮತ್ತು ಹೊಸ ಔಷಧಗಳ ಗುರಿಯನ್ನು ಕಂಡುಕೊಳ್ಳುವುದರಲ್ಲಿ ಈ ಅಧ್ಯಯನಗಳಿಂದ ಹೆಚ್ಚಿನ ಪ್ರಯೋಜನವನ್ನು ನಿರೀಕ್ಷಿಸಲಾಗಿದೆ.

ಟೋನೊಮೀಟರಿನಿಂದ ಒತ್ತಡ ಅಳೆಯುವುದು, ಪಾಪೆಯ ಮೂಲಕ ದೃಷ್ಟಿನರದ ತಲೆಯನ್ನು ನೋಡುವುದು, ಗೋನಿಯೊಸ್ಕೋಪಿನಿಂದ ಕೋನವನ್ನು ಪರೀಕ್ಷಿಸುವುದು, ದೃಷ್ಟಿಕ್ಷೇತ್ರದ ಪರೀಕ್ಷೆ ಮತ್ತು ಒಸಿಟಿ ಚಿತ್ರಣ ಇವು ಈಗ ರೂಢಿಯಲ್ಲಿರುವ ಪರೀಕ್ಷೆಗಳು. ಕರ್ನಾಟಕದಲ್ಲಿ 1896ರಲ್ಲಿ ಆರಂಭವಾದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜುಗಳ ನೇತ್ರ ವಿಭಾಗಗಳಲ್ಲಿ ಗ್ಲಾಕೋಮಾದ ತಪಾಸಣೆ ನಡೆಯುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಜನರಿಗೆ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. 40 ವರ್ಷ ದಾಟಿದವರು, ಒಡಹುಟ್ಟಿದವರಲ್ಲಿ ಅಥವಾ ತಂದೆ ತಾಯಿಯರಲ್ಲಿ ಗ್ಲಾಕೋಮಾ ಇರುವವರು, ಸ್ಟೀರಾಯ್ಡ್ ಔಷಧಗಳನ್ನು ಬಹುಕಾಲ ಬಳಸುತ್ತಿರುವವರು ಯಾವ ತೊಂದರೆ ಇಲ್ಲದಿದ್ದರೂ ತಪಾಸಣೆ ಮಾಡಿಸಿಕೊಳ್ಳಬೇಕೆಂದು ನೇತ್ರವೈದ್ಯರು ಸಲಹೆ ನೀಡುತ್ತಾರೆ. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ವಿಶ್ವ ಗ್ಲಾಕೋಮಾ ಸಪ್ತಾಹವನ್ನು ಆಚರಿಸಲಾಗುತ್ತದೆ.